ಎರಡು ತಪ್ಪಿನ ತನಕ ಮಾಫಿ

ಪುಣ್ಯದ ಕೆಲಸ ಮಾಡಾಕ ಕುಂತವರ ಕೈಲೆ ಆಗೋವಷ್ಟು ಎಡವಟ್ಟು ಪಗಾರಕ್ಕ ದುಡಿಯೋರ ಕೈಲೆ ಆಗಂಗಿಲ್ಲ. ಪಗಾರದವರನ್ನ ಬೈಬಹುದು, ಬಿಡಿಸಿ ಕಳಿಸಬಹುದು. ಪುಣ್ಯಕ್ಕ ಬಂದವರಿಗೆ ಏನಂತ ಅನ್ನೋದು? ಚಾ ಕೊಟ್ಟು, "ಭಾಳ ಚಂದ ಮಾಡೀರಿ" ಅಂತಂದು, ಅವರು ಓಣಿ ದಾಟಿದ ಮ್ಯಾಲ ಹಣಿ ಹಣಿ ಬಡಕೋಬೇಕು. ನಾ ಹಂಗ ಬಡಕೊಂಡ ಒಂದು ವರ್ಷದ ಸಂಗತಿ ಇವು. ಈಗ ನೆನಸಿಕೊಂಡ್ರ ನಗಿ ಬರತದ, ನಕ್ಕು ಮುಗಿಯೋದ್ರಾಗ ಸೆರಗಿಲೆ ಕಣ್ಣು ಒರಸಿಕೋತೀನಿ.

ಎಂಬತ್ತರ ದಶಕದ ಸುರುವು. ನಾ ರಾಯಚೂರಾಗ ಪ್ರೈಮರಿ ಸಾಲಿ ಅಕ್ಕೋರು. ನಮ್ಮ ಓಣ್ಯಾಗ ಒಬ್ಬ ಸಂಗೀತ ಮಾಸ್ತರಿದ್ದರು. ಹುಟ್ಟಿದಾಗಿಂದ ಕಣ್ಣಿಲ್ಲ, ಹಾರ್ಮೋನಿಯಂ ಹೇಳಿಕೊಟ್ಟು ಜೀವನ ಮಾಡ್ತಿದ್ದರು. ಅವರ ಕಡೆ ಬ್ರೈಲ್, ಅಂದ್ರ ಬೆರಳಿಲೆ ಮುಟ್ಟಿ ಓದೋ ಚುಕ್ಕಿ ಅಕ್ಷರ, ಕಲಿಯಾಕ ಗಬ್ಬೂರಿನ ಒಬ್ಬ ಹುಡುಗಿ ಬರ್ತಿದ್ದಳು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡೋರು. ಮೂರು ವರ್ಷದಾಕಿ ಇದ್ದಾಗ ಮೈಮ್ಯಾಲ ಅಮ್ಮ ಎದ್ದು, ಅಂದ್ರ ಸಿಡುಬು ಬಂದು, ಎರಡೂ ಕಣ್ಣು ಹೋಗಿದ್ದವು. ಹಾಸ್ಟೆಲಿನಾಗ ಇದ್ದುಕೊಂಡು, ಬಾಜೂಕಿನ ಹುಡುಗ್ಯಾರು ಓದೋದನ್ನ ಕೇಳಿ ಕೇಳೇ ಒಂಬತ್ತನೆತ್ತೆ ತನಕ ಬಂದಿದ್ದಳು. ಹತ್ತನೆತ್ತ್ಯಾಗ ಎಲ್ಲಾರಿಗೂ ತಮ್ಮ ತಮ್ಮ ಪರೀಕ್ಷಾದ ಚಿಂತಿ. ಬಾಯಿ ಮುಚ್ಚಿಕೊಂಡು ಮನಸಿನಾಗ ಓದಕೋತಾರ. ಈ ಹುಡುಗಿಗೆ ಕೇಳಸೋದು ಬಂದ್ ಆತು.

ಆಕಿ ಅಪ್ಪ ಒಂದಿನ ಮಾಸ್ತರ ಮನಿಗೆ ಬಂದು ಹೊಸ್ತಿಲ ಹೊರಗೇ ಕುಂತು ಹೇಳಿದ. "ಯಪ್ಪಾ, ಈ ಸಲ ಪಾಸಾದ್ಳಂದ್ರ ಅದೇನೋ ಕಣ್ಣಿಲ್ಲದವರ ಸಾಲಿ ಟೀಚರ್ ಟ್ರೈನಿಂಗ್ ಅಂತೀರಲ್ಲ, ಅಲ್ಲಿಗೆ ಕಳಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ನಪಾಸಾದ್ರ ಕರಕೊಂಡು ಹೋಗ್ತೀನಿ. ಕೂಲಿಗೆ ಹೋದವರ ಕೂಸು ತೂಗಿಕೋತ ಮನ್ಯಾಗ ಕುಂದ್ರಲಿ." ಅವನೇನು ಕೆಟ್ಟ ಮನಷ್ಯಾ ಅಲ್ಲ. ಎಷ್ಟು ದಿನ ಅಂತ ಕಾಯಬೇಕು ಅವನೂ.

ಮಾಸ್ತರು ನಮ್ಮನ್ನೆಲ್ಲ ಕೂಡಿಸಿದರು. ನಾನು, ಬ್ಯಾಂಕಿನ ಒಬ್ಬ ಕ್ಲಾರ್ಕು, ದೇವದುರ್ಗದ ಕಡಿಂದ ಒಬ್ಬ ಹೆಡ್ ಮಾಸ್ತರು, ಮಾನ್ವಿಯಿಂದ ರಿಟೈರ್ ಆದ ಒಬ್ಬ ಗಿರದಾವರರು. ಗಿರದಾವರ ಅಂದ್ರ ನಿಜಾಮನ ಕಾಲದಾಗ ಹೊಲ, ಪಹಣಿ ನೋಡೋ ರೆವಿನ್ಯೂ ಸಾಹೇಬರು. ಮಾಸ್ತರಿಗೆ ಹಾರ್ಮೋನಿಯಂ ರಿಪೇರಿ ಸಂಬಂಧ ಪರಿಚಯ. ನಾವೆಲ್ಲ ಅವರಿಗೆ ತಾತ ಅಂತಿದ್ದಿವಿ. ಪ್ರತಿ ಐತವಾರ ಮಾಸ್ತರ ಪಡಸಾಲ್ಯಾಗ ಕುಂತು ಹತ್ತನೆತ್ತೆ ಪುಸ್ತಕಗಳನ್ನ ಬ್ರೈಲಿನಾಗ ಬರಿಯೋದು ಅಂತ ಫೈಸಲಾ ಆತು.

ಮಾಸ್ತರು ಮೊದಲೇ ಕಾಯ್ದೆ ಹೇಳಿಬಿಟ್ಟರು. "ಪುಸ್ತಕದಾಗ ಇದ್ದದ್ದು ಬಿಡಬಾರದು. ಇಲ್ಲದ್ದು ಸೇರಿಸಬಾರದು. ಒಂದು ಹಾಳಿಗೆ ಎರಡು ತಪ್ಪಿನ ತನಕ ಮಾಫಿ. ಮೂರನೆದು ನನ್ನ ಬೆರಳಿಗೆ ಸಿಕ್ಕರ ಹರದು ಒಗಿಯೋದೇ. ಕಣ್ಣಿದ್ದವರು ತಪ್ಪು ಪುಸ್ತಕ ಓದಿದ್ರ ಮತ್ತೊಂದು ಪುಸ್ತಕ ನೋಡ್ತಾರ. ಈ ಹುಡುಗಿಗೆ ಇರೋದು ಇದೊಂದೇ."

ಉಲ್ಟಾ ಸೀದಾ

ಬ್ರೈಲ್ ಬರಿಯೋದು ಅಂದ್ರ ತಗಡಿನ ಪಟ್ಟಿಯೊಳಗ ದಪ್ಪ ಹಾಳಿ ಸಿಗಿಸಿ, ಮರದ ಹಿಡಿಕಿಯ ಮೊಳಿಲೆ ಚುಚ್ಚಿಕೋತ ಹೋಗೋದು. ಚುಚ್ಚಿದ್ದು ಈ ಕಡೆ, ಚುಕ್ಕಿ ಏಳೋದು ಆ ಕಡೆ. ಅದಕ್ಕ ಬಲಗಡಿಂದ ಎಡಗಡೆ ಬರೀಬೇಕು, ಹಾಳಿ ಹೊಳ್ಳಿಸಿ ಎಡಗಡಿಂದ ಬಲಗಡೆ ಓದಬೇಕು. ಕೇಳಾಕ ಇಷ್ಟೇ. ಮೊದಲ ದಿನ ನಾ ಬರದ ಹಾಳಿ ಮ್ಯಾಲ ಮಾಸ್ತರು ಬೆರಳಾಡಿಸಿ ನಾಕು ತುಂಡು ಮಾಡಿದರು. ನಾ ಮೂವತ್ತು ಹುಡುಗರ ಕಾಪಿ ತಿದ್ದೋ ಅಕ್ಕೋರು, ನನಗ ಎಷ್ಟು ಸಿಟ್ಟು ಬಂದಿರಬೇಕು.

ಬ್ಯಾಂಕಿನವರು ಮಾತ್ರ ಭಾಳ ಧೈರ್ಯಲೆ ಒಂದು ಪೂರ್ತಿ ಹಾಳಿ ಬರದು ಕೊಟ್ಟರು. ಮಾಸ್ತರು ಮ್ಯಾಲಿಂದ ಕೆಳಗಿನ ತನಕ ಬೆರಳಾಡಿಸಿದರು, ಹುಬ್ಬು ಗಂಟು ಹಾಕಿದರು.

"ಸಾಹೇಬ್ರೆ, ಇದು ಯಾವ ದೇಶದ ಭಾಷಾ?"

"ಕನ್ನಡರೀ. ಎಡಗಡಿಂದ ಚಲೋತ್ನಾಗಿ ಬರದೀನಿ."

"ಚಲೋ ಬರದೀರಿ. ಹಾಳಿ ಒಳಗ ಹೊಕ್ಕು ಹಿಂದಿನಿಂದ ನೋಡಿದವರಿಗೆ ಬರೋಬ್ಬರಿ ತಿಳೀತದ."

ಅಷ್ಟೊತ್ತಿಗೆ ಮೂಲ್ಯಾಗ ಕುಂತಿದ್ದ ಗಿರದಾವರ ತಾತ ತಮ್ಮ ಹಾಳಿ ಮುಂದಕ್ಕ ಚಾಚಿದರು. ಮಾಸ್ತರು ಓದಿದರು. ಮತ್ತೊಮ್ಮೆ ಓದಿದರು. ಒಂದೂ ತಪ್ಪಿಲ್ಲ. ನಾವೆಲ್ಲ ಬೆರಗಾಗಿ, ಮೊದಲು ಎಲ್ಲಿ ಕಲ್ತಿದ್ರಿ ಅಂತ ಕೇಳಿದಿವಿ.

ತಾತ ದಪ್ಪ ಕನ್ನಡಕ ಸರಿ ಮಾಡಿಕೊಂಡರು. "ನಾ ಓದಿದ್ದು ಉರ್ದುದಾಗ. ದಫ್ತರ ಬರದದ್ದು ಉರ್ದುದಾಗ. ಬಲಗಡಿಂದ ಎಡಗಡೆ. ರಾಜ್ಯ ಬದಲಾಗಿ ಕಚೇರಿ ಕನ್ನಡ ಆದ ಮ್ಯಾಲ, ಮಕ್ಕಳಿದ್ದವನು ನಾನು, ನನ್ನ ಮಕ್ಕಳ ಸಂಗಾಟ ಕುಂತು ಒಂದನೆತ್ತೆ ಪುಸ್ತಕ ತಿದ್ದಿದೆ. ನಾ ಬರದಿದ್ದ ಸಾವಿರ ಕಾಗದ ಈಗ ಕಚೇರ್ಯಾಗ ಯಾರಿಗೂ ಓದಾಕ ಬರಂಗಿಲ್ಲ, ಗೆದ್ದಲಕ್ಕ ಹಾಕ್ಯಾರ. ರಿಟೈರ್ ಆಗೋ ತನಕ ಸರಕಾರ ನನ್ನ ಕಡಿಂದ ಉಲ್ಟಾ ಬರಿಸಿತು. ಇವತ್ತು ಸೀದಾ ಬರದೆ."

ಎಲ್ಲಾರೂ ನಕ್ಕಿವಿ. ತಾತನೂ ನಕ್ಕರು. ಆವತ್ತು ಚಾ ಕೊಟ್ಟಾಗ ಅವರ ಕೈ ಗ್ಲಾಸಿನ ಬಾಜೂಕ ಎರಡು ಸಲ ತಡವರಿಸಿ ಹಿಡೀತು. ವಯಸ್ಸಾಗ್ಯಾದ ಅಂದುಕೊಂಡು ನಾ ಮರತುಬಿಟ್ಟೆ.

ದೇವಿಗೆ ಎದ್ದ ಗುಳ್ಳಿ

ತೆಳ್ಳನ ಹಾಳಿ ಮೊಳಿಗೆ ಹರೀತದ, ದಪ್ಪ ಹಾಳಿ ಬೇಕು. ರಾಯಚೂರು ಬಜಾರದಾಗ ಅಂಥಾ ಹಾಳಿ ಸಿಗಲಿಲ್ಲ. ಆಗ ಅಂಗಡಿ ಅಂಗಡಿಗೆ ತಿರುಗಿ ಹಳೀ ಕ್ಯಾಲೆಂಡರ್ ಬೇಡಿಕೊಂಡು ಬಂದೆ. ಹಿಂದಿನ ಖಾಲಿ ಬದಿ ಮ್ಯಾಲ ನಾವು ಚುಚ್ಚಿದ್ರ ಚುಕ್ಕಿ ಏಳೋದು ಮುಂದಿನ ದೇವರ ಚಿತ್ರದ ಮ್ಯಾಲ. ಕಣ್ಣಿಲ್ಲದ ಹುಡುಗಿಗೆ ಯಾವ ದೇವರಾದ್ರೇನು ಅಂತ ನಡಿಸಿದಿವಿ. ವಿಜ್ಞಾನದ ಉಸಿರಾಟದ ಪಾಠ ಒಂದು ದೊಡ್ಡ ಲಕ್ಷ್ಮೀ ಮ್ಯಾಲ ಬಂತು.

ಒಂದು ವಾರ ಆದ ಮ್ಯಾಲ ಹುಡುಗಿ ಆ ಹಾಳಿ ಹಿಡಕೊಂಡು ಬಂದಳು. "ಮಾಸ್ತರೇ, ಉಸಿರಾಟದ ಪಾಠ ಮುಂಜಾನಿ ಒಂದು ನಮೂನಿ ಇತ್ತು, ಸಂಜಿಗೆ ಒಂದು ನಮೂನಿ ಆಗ್ಯಾದ. ಚುಕ್ಕಿ ಹೆಚ್ಚಾಗ್ಯಾವ."

ಮಾಸ್ತರು ಬೆರಳಾಡಿಸಿದರು, ಬೆರಳು ಮೂಗಿಗೆ ಹಿಡಿದರು. "ಇದು ಚುಕ್ಕಿ ಅಲ್ಲವ್ವಾ, ಅರಿಷಿಣ."

ನಾ ಸೀದಾ ಹಾಸ್ಟೆಲಿಗೆ ಹೋದೆ. ಅಡಿಗಿ ಮಾಡೋ ಯವ್ವ ತಾನೇ ಹಚ್ಚೀನಿ ಅಂತ ಒಪ್ಪಿಕೊಂಡಳು. ಶುಕ್ರವಾರ ಅಂತ ಪೂಜಿ ಮಾಡಿರಬೇಕು ಅಂದುಕೊಂಡು ನಾ ಜೋರು ಮಾಡಿದೆ. "ಯವ್ವಾ, ಅದು ಪೂಜಿ ಮಾಡೋ ಫೋಟೋ ಅಲ್ಲ, ಆ ಹುಡುಗಿ ಪುಸ್ತಕ."

"ಪೂಜಿ ಯಾರು ಮಾಡ್ಯಾರ್ರೀ ಅಕ್ಕೋರೆ?" ಅಂದಳು ಆಕಿ. "ಮಾರಿ, ಕೈ, ಹೊಟ್ಟಿ, ಒಂದು ಕಡಿ ಜಾಗ ಇಲ್ಲದಂಗ ದೇವಿ ಮೈತುಂಬ ಗುಳ್ಳಿ ಎದ್ದಾವ. ಅಮ್ಮನಿಗೇ ಅಮ್ಮ ಬಂದಾಳಲ್ಲ, ಪಾಪ ಅಂತ ಜರಾ ಅರಿಷಿಣ ಸವರೀನಿ."

ನಾ ನಗು ತಡಕೊಂಡು ಬಂದು ಪಡಸಾಲ್ಯಾಗ ಹೇಳಿದೆ. ಬ್ಯಾಂಕಿನವರು ನಕ್ಕು ನಕ್ಕು ಮೊಳಿ ಕೈಗೆ ಚುಚ್ಚಿಕೊಂಡರು. ಹುಡುಗಿನೂ ನಕ್ಕಳು. ಆಮ್ಯಾಲ ಹಾಳಿ ಮಡಚಲಾರದ ತೊಡಿ ಮ್ಯಾಲ ಇಟ್ಟುಕೊಂಡು, "ನನಗ ಎದ್ದಾಗೂ ನಮ್ಮವ್ವ ಅರಿಷಿಣನೇ ಸವರಿದ್ದಳಂತ್ರೀ" ಅಂದಳು. ಆ ಪಾಠ ಹೊಸದಾಗಿ ನಾನೇ ಬರದುಕೊಟ್ಟೆ, ಆ ಕೆಲಸ ಮತ್ತ ಯಾರ ಕೈಗೂ ಕೊಡಲಿಲ್ಲ.

ದೇವದುರ್ಗದ ನಲವತ್ತು ಹಾಳಿ

ದೇವದುರ್ಗದ ಕಡಿಯ ಹೆಡ್ ಮಾಸ್ತರು ಮೊದಲ ಐತವಾರ ಬಂದು ಅರ್ಧ ತಾಸು ಕುಂತಿದ್ದರು. "ಗೊತ್ತಾತು ಬಿಡ್ರಿ, ಹಾಳಿ ಕೊಡ್ರಿ, ಭೂಗೋಳ ನನಗಿರಲಿ" ಅಂತ ನಲವತ್ತು ಹಾಳಿ ಒಯ್ದರು. ಎರಡು ತಿಂಗಳು ಪತ್ತೇ ಇಲ್ಲ. ಒಂದಿನ ಬಸ್ಸಿನಿಂದ ಇಳಿದು, ನಲವತ್ತಕ್ಕ ನಲವತ್ತೂ ಹಾಳಿ ತಂದು ಮಾಸ್ತರ ಮುಂದ ಇಟ್ಟರು. ಮಾರಿ ಮ್ಯಾಲ ಆ ಹೆಮ್ಮಿ ನೋಡಬೇಕಿತ್ತು.

ಮಾಸ್ತರು ಮೊದಲ ಹಾಳಿ ಓದಾಕತ್ತರು. ಬೆರಳು ಹೋತು, ನಿಂತಿತು, ಹಿಂದಕ್ಕ ಬಂತು, ದುಂಡಗ ತಿರುಗಿತು. ನಮ್ಮ ಚಾ ಆರಿ ಹೋತು.

"ಹೆಡ್ ಮಾಸ್ತರೇ, ಇದು ಭೂಗೋಳದಾಗ ಯಾವ ಪಾಠ?"

"ಪಾಠ ಹಂಗೇನಿಲ್ಲರೀ, ಚುಕ್ಕಿ ಇಡಬೇಕಲ್ಲ, ಇಟ್ಟೀವಿ. ನನಗ ಪುರಸೊತ್ತಿರಲಿಲ್ಲ. ಹುಡುಗರಿಗೆ ಹಂಚಿ, ಒಬ್ಬೊಬ್ಬರು ಹಾಳಿ ತುಂಬ ಚುಕ್ಕಿ ಚುಚ್ಚಿಕೊಂಡು ಬರ್ರಿ ಅಂತ ಅಂದೆ. ಒಂದು ಹಾಳಿನೂ ಖಾಲಿ ಇಲ್ಲ, ನೋಡಿಕೋರಿ."

ಹೆಣ್ಣುಮಕ್ಕಳು ರಂಗೋಲಿ ಹಾಕಿದ್ದರು. ಗಂಡುಮಕ್ಕಳು ಎತ್ತು, ಬಂಡಿ, ತಮ್ಮ ಹೆಸರು ಕಂಪಾಸಿನ ಮೊನಿಲೆ ಚುಚ್ಚಿದ್ದರು. ನಾ ಬಾಯಿ ತೆಗಿಯೋದ್ರಾಗ ಮಾಸ್ತರು ನನ್ನ ಕೈ ಒತ್ತಿ ಹಿಡಿದರು. "ಓದಾಕ ಏನೂ ಇಲ್ಲ ಹೆಡ್ ಮಾಸ್ತರೇ. ಆದ್ರ ಭಾಳ ಚಂದ ಅದ" ಅಂದರು. ಅವರು ಖುಷಿಲೆ ಚಾ ಕುಡದು ಹೋದರು. ಅವರು ಅತ್ತ ಹೋದ್ರು, ನಾ ಇತ್ತ ಹಣಿ ಬಡಕೊಂಡೆ.

ಹುಡುಗಿ ಮಾತ್ರ ಆ ಗಂಟಿನಾಗಿಂದ ಒಂದು ಹಾಳಿ ತೆಗೆದು ಬೆರಳಾಡಿಸಿಕೋತ ಕುಂತಳು. "ಅಕ್ಕೋರೆ, ಇದೇನ್ರೀ? ಇಲ್ಲಿ ಕೊಕ್ಕು ಇದ್ದಂಗದ."

"ಗಿಳಿ ಅವ್ವಾ."

"ಗಿಳಿ ಇಷ್ಟೇ ಸಣ್ಣದೇನ್ರೀ? ಎಲ್ಲಾರೂ ಅಷ್ಟು ಹೊಗಳತಾರಲ್ಲ, ನಾ ಕೋಳಿಗಿಂತ ದೊಡ್ಡದಿರಬೇಕು ಅಂದುಕೊಂಡಿದ್ದೆ." ನಲವತ್ತು ಹಾಳ್ಯಾಗ ಅದೊಂದನ್ನ ಆಕಿ ಟ್ರಂಕಿನಾಗ ಇಟ್ಟುಕೊಂಡಳು. ಭೂಗೋಳ ನಾವು ಬ್ಯಾಂಕಿನವರ ಹೆಗಲಿಗೆ ಹಾಕಿದಿವಿ.

ಒಂದೂ ಗುಳ್ಳಿ ಬಿಟ್ಟಿಲ್ಲ

ಎಲ್ಲಾರ ತಪ್ಪು ಹೇಳಿದ ಮ್ಯಾಲ ನನ್ನದೂ ಹೇಳಬೇಕಲ್ಲ. ಡಿಸೆಂಬರಿನಾಗ ವಿಜ್ಞಾನ ಪೂರ್ತಿ ಮುಗೀತು. ಎತ್ತಿದರ ಎರಡೂ ಕೈ ತುಂಬೋವಷ್ಟು ಗಂಟು. ಬಜಾರದಾಗ ಒಬ್ಬ ಬೈಂಡಿಂಗ್ ಮಾಡೋನು ಇದ್ದ. ಕೆಲಸದಾಗ ಅವನನ್ನ ಮೀರಸೋರಿಲ್ಲ ಅಂತ ಹೆಸರು. ಸಾಲಿ ಗಂಟಿ ಹೊಡಿಯೋ ಹೊತ್ತು, ನಾ ಓಡಿಕೋತ ಹೋಗಿ ಕೊಟ್ಟೆ.

"ಅಕ್ಕೋರೆ, ಹಾಳಿ ಭಾಳ ಕೆಟ್ಟಾವ. ಮಳ್ಯಾಗ ತೊಯ್ಸಿದ್ರೇನು? ಬರೇ ಗುಳ್ಳಿ."

"ಹೆಂಗರ ಮಾಡಿ ಚಂದ ಮಾಡಿ ಕೊಡಪ್ಪ" ಅಂತಂದು ಓಡಿ ಬಂದೆ. ಇದು ನಾ ಆಡಿದ ಮಾತು. ಮತ್ಯಾರನ್ನ ಬೈಲಿ?

ವಾರ ಬಿಟ್ಟು ಹೋದೆ. ಆ ಎರಡು ಕೈ ತುಂಬೋ ಗಂಟು ಬಗಲಾಗ ಹಿಡಿಯೋವಷ್ಟು ತೆಳ್ಳಗ ಆಗಿತ್ತು. ಕೆಂಪು ರಟ್ಟು, ಬಂಗಾರದ ಬಣ್ಣದ ಪಟ್ಟಿ. ಅವನು ಹಾಳಿ ತೆರೆದು ಅಂಗೈ ಜಾರಿಸಿ ತೋರಿಸಿದ. "ನೀರು ಚಿಮುಕಿಸಿ, ಐದು ದಿನ ಪುಸ್ತಕ ಒತ್ತೋ ಶಿಕಂಜದಾಗ ಬಿಗಿದು ಇಟ್ಟಿದ್ದೆ. ಒಂದೂ ಗುಳ್ಳಿ ಬಿಟ್ಟಿಲ್ಲ, ಬೇಕಾದ್ರ ಹುಡುಕಿ ನೋಡ್ರಿ."

ಹುಡುಕಿದೆ. ಖರೇನೇ ಒಂದೂ ಬಿಟ್ಟಿರಲಿಲ್ಲ. ನಾಕು ತಿಂಗಳ ಕೆಲಸ ನುಣ್ಣಗ ಆಗಿತ್ತು. ನಾ ಅಲ್ಲೇ ಅಂಗಡಿ ಕಟ್ಟಿ ಮ್ಯಾಲ ಕುಂತು ಅತ್ತುಬಿಟ್ಟೆ. ಸಂಗತಿ ತಿಳಿದ ಮ್ಯಾಲ ಆ ಬೈಂಡಿಂಗಿನವನ ಮಾರಿ ನೋಡಾಕ ಆಗಲಿಲ್ಲ. ಮುಂದ ಅವನೇ ಬೆನ್ನಿನ ಕಡೆ ರಟ್ಟಿನ ಪಟ್ಟಿ ಕೊಟ್ಟು, ಚುಕ್ಕಿ ಒತ್ತಲಾರದಂಗ ಹೊಲಿಯೋ ಹಿಕಮತ್ತು ಹುಡುಕಿದ, ನಮ್ಮ ಉಳಿದ ಪುಸ್ತಕ ಎಲ್ಲಾ ಹೊಲಿದುಕೊಟ್ಟ.

ಆದ್ರ ಆವತ್ತು ಹುಡುಗಿಗೆ ಹೇಳಬೇಕಲ್ಲ. ಪುಸ್ತಕ ಆಕಿ ಕೈಯಾಗ ಇಟ್ಟೆ. ಹಾಳಿ ಮ್ಯಾಲ ಬೆರಳಾಡಿಸಿದಳು. ಒಂದು ಹೊಳ್ಳಿಸಿದಳು, ಇನ್ನೊಂದು ಹೊಳ್ಳಿಸಿದಳು. ನಾ ಅಳಾಕತ್ತಿದ್ದು ಆಕಿಗೆ ಕೇಳಿಸಿತು.

"ಇರಲಿ ಬಿಡ್ರಿ ಅಕ್ಕೋರೆ" ಅಂದಳು. "ಇದು ಈಗ ನನಗೂ ಓದಾಕ ಬರಂಗಿಲ್ಲ, ನಿಮಗೂ ಓದಾಕ ಬರಂಗಿಲ್ಲ. ಇಬ್ಬರಿಗೂ ಸಮ ಆತು."

ತಲಿ ಕೆಳಗಾದ ಪುಸ್ತಕ

ಪರೀಕ್ಷಾ ಮಾರ್ಚಿನಾಗ. ನಾನು ವಿಜ್ಞಾನ ಹೊಸದಾಗಿ ಸುರು ಮಾಡಿದೆ. ಬ್ಯಾಂಕಿನವರು ಭೂಗೋಳದಾಗ ಮುಳುಗಿದ್ದರು. ಉಳಿದ ಸಮಾಜ ವಿಜ್ಞಾನದ ಪುಸ್ತಕ ಪೂರ್ತಿ ತಾತ ಒಬ್ಬರೇ ಹೊತ್ತುಕೊಂಡರು. "ನನಗ ಬಸ್ಸಿನಾಗ ಬಂದು ಹೋಗೋದು ಆಗಂಗಿಲ್ಲ, ಮಾನ್ವ್ಯಾಗೇ ಕುಂತು ಬರದು ಕಳಿಸ್ತೀನಿ" ಅಂದರು. ವಾರಕ್ಕೊಂದು ತಗಡಿನ ಡಬ್ಬಿ ಬಸ್ಸಿನ ಮ್ಯಾಲ ಬರ್ತಿತ್ತು. ಮಾಸ್ತರು ಬೆರಳಾಡಿಸೋದು, ಪಾಸ್ ಅನ್ನೋದು. ನನ್ನ ಹಾಳಿ ಐದಕ್ಕ ಎರಡು ಹರೀತಿದ್ದವರು ತಾತಂದು ಒಂದೂ ಹರೀಲಿಲ್ಲ. ನನಗ ಒಳಗೊಳಗ ಹೊಟ್ಟಿಕಿಚ್ಚು.

ಅಷ್ಟೊತ್ತಿಗೆ ಬ್ರೈಲ್ ನಾ ಕಣ್ಣಿಲೆ ಓದಾಕ ಕಲ್ತಿದ್ದೆ. ಪರೀಕ್ಷಾ ಹದಿನೈದು ದಿನ ಇದ್ದಾಗ, ತಾತನ ಹಾಳಿ ಅಚ್ಚಿನ ಪುಸ್ತಕದ ಸಂಗಾಟ ಹೋಲಿಸಿ ನೋಡಿದೆ. ನೀರಾವರಿ ಪಾಠ. ಅಚ್ಚಿನಾಗ, "ಕಾಲುವೆಯಲ್ಲಿ ನೀರು ಹರಿದು ಬಂದಾಗ ರೈತರು ಹರ್ಷದಿಂದ ಕುಣಿದಾಡಿದರು" ಅಂತ ಇತ್ತು. ತಾತನ ಹಾಳ್ಯಾಗೂ ಅದು ಇತ್ತು. ಅದರ ಮುಂದ ಇತ್ತು ನೋಡ್ರಿ:

"ಇದು ಸುಳ್ಳು. ನಮ್ಮ ಕಡೆ ಕಾಲುವಿ ನೀರು ಬಂದಾಗ ಯಾರೂ ಕುಣಿಲಿಲ್ಲ. ಊರು ಮುಳಗತದ ಅಂತ ಹಾಸಿಗಿ ಕಟಗೊಂಡು ದಿಬ್ಬ ಏರಿದರು. ಒಬ್ಬ ಮುದುಕಿ ಮಾತ್ರ ಕೋಲು ಹಿಡಕೊಂಡು ತನ್ನ ಜೋಳದ ಹೊಲದ ಬದುವಿನ ಮ್ಯಾಲ ನಿಂತು ನೀರಿಗೆ ಬಾಯಿಗೆ ಬಂದಂಗ ಬೈದಳು. ನಾನು ಕಣ್ಣಾರೆ ನೋಡೀನಿ."

ನನ್ನ ತಲಿ ತಿರುಗಿತು. ಹಿಂದಿನ ಹಾಳಿ ತೆಗೆದೆ. ನಾಕು ಸಾಲು ಪುಸ್ತಕದ್ದು, ಆರು ಸಾಲು ತಾತಂದು. ಸಂತಿ ಪಾಠದಾಗ ಕವಿತಾಳ ಸಂತ್ಯಾಗ ತಾತ ಕೊಂಡ ಎತ್ತಿನ ಗುಣ. ಕಂದಾಯದ ಪಾಠದಾಗ ಕುರ್ಡಿ ಊರಾಗ ಹೊಲ ಅಳಿಯೋವಾಗ ಸರಪಳಿ ತುಂಡಾದ ಕಥಿ. ಸೇರಿಸಬಾರದು ಅಂತ ಕಾಯ್ದೆ, ಇವರು ಸಂಸಾರನೇ ಸೇರಿಸಿದ್ದರು. ಮರುದಿನ ಸಾಲಿ ಬಿಟ್ಟು ಮಾನ್ವಿ ಬಸ್ಸು ಹತ್ತಿದೆ. ಏನೇನು ಬೈಬೇಕು ಅಂತ ದಾರಿ ತುಂಬ ಲೆಕ್ಕ ಹಾಕಿಕೋತ ಹೋದೆ.

ಅಂಗಳದಾಗ ಬೇವಿನ ಗಿಡದ ಕೆಳಗ ಸ್ಟೂಲ್ ಮ್ಯಾಲ ಪುಸ್ತಕ ತೆರೆದು ಇಟ್ಟುಕೊಂಡು, ತಾತ ಟಕ್ ಟಕ್ ಅಂತ ಚುಚ್ಚಾಕತ್ತಿದ್ದರು. ನಾ ಹೋಗಿ ಮುಂದ ನಿಂತೆ. ತಲಿ ಎತ್ತಿದರು. ನನ್ನ ಮಾರಿ ನೋಡಿದಂಗ ಮಾಡಿ, "ಬಂದೇನವ್ವಾ? ರೊಟ್ಟಿ ಆದವೇನು? ಮುಂದಿನ ನಾಕು ಸಾಲು ಓದು" ಅಂದರು.

ಸೊಸಿ ಅಂದುಕೊಂಡಿದ್ದರು. ಸ್ಟೂಲ್ ಮ್ಯಾಲಿನ ಪುಸ್ತಕ ತಲಿ ಕೆಳಗಾಗಿತ್ತು.

ನಾ ಲೆಕ್ಕ ಹಾಕಿಕೊಂಡು ಬಂದ ಬೈಗಳ ಒಂದೂ ನೆನಪಾಗಲಿಲ್ಲ. "ತಾತ, ನಾನ್ರೀ, ರಾಯಚೂರು ಅಕ್ಕೋರು" ಅಂದೆ. ಅವರು ಕನ್ನಡಕ ತೆಗೆದು ಮಡಚಿಟ್ಟರು. ಆಮ್ಯಾಲ ಎಲ್ಲಾ ಹೇಳಿದರು. ಕಣ್ಣಿನ ನರ ಒಣಗ್ಯಾವ, ಆಪರೇಷನ್ ಆಗಂಗಿಲ್ಲ ಅಂತ ಡಾಕ್ಟರು ಹೋದ ವರ್ಷನೇ ಹೇಳಿದ್ದರಂತ. ಸೊಸಿ ಪುರಸೊತ್ತಾದಾಗ ಬಂದು ನಾಕು ಸಾಲು ಓದತಾಳ, ಅಷ್ಟು ಬರೀತಾರ. ಆಕಿ ಒಲಿ ಮುಂದ ಹೋದ್ರ ಇವರ ಕೈ ನಿಂದರಂಗಿಲ್ಲ.

"ಹಾಳಿ ಖಾಲಿ ಇರತದಲ್ಲ ಅವ್ವಾ. ನನಗ ಗೊತ್ತಿದ್ದದ್ದು ಬರದೆ. ಸುಳ್ಳು ಒಂದೂ ಬರದಿಲ್ಲ."

"ಆ ಹುಡುಗಿ ಇದನ್ನೇ ಓದಿ ನಪಾಸಾದ್ರ ಏನು ಗತಿ ತಾತ?"

ತಾತ ಮೊಳಿ ಗಟ್ಟಿಯಾಗಿ ಹಿಡಕೊಂಡರು. "ಮಾಸ್ತರಿಗೆ ಹೇಳಬ್ಯಾಡವ್ವಾ. ಕಣ್ಣು ಹೋದವು ಅಂದ್ರ ಈ ಪಟ್ಟಿ ಮೊಳಿ ಕಸಗೋತಾರ. ಇದೂ ಹೋದ್ರ ನಾ ಇಡೀ ದಿನ ಯಾಕ ಕುಂದ್ರಬೇಕು?"

ನಾ ಸ್ಟೂಲ್ ಮ್ಯಾಲಿನ ಪುಸ್ತಕ ತಿರುಗಿಸಿ ಇಟ್ಟೆ. ಸಪ್ಪಳ ಕೇಳಿ, "ಯಾಕ, ಉಲ್ಟಾ ಇತ್ತೇನು?" ಅಂದರು.

"ಹೂನ್ರೀ."

"ಹಂಗಾದ್ರ ಇರಲಿ ಬಿಡು. ನನ್ನ ಕಾಲದಾಗ ಅದೇ ಸೀದಾ."

ಸವದ ಚುಕ್ಕಿ

ರಾಯಚೂರಿಗೆ ಬಂದು, ಹೇಳಬಾರದು ಅಂತ ಮಾಡಿಕೊಂಡು ಮಾಸ್ತರ ಮುಂದ ಕುಂತೆ. ಅವರೇ ಕೇಳಿದರು. "ಗಿರದಾವರರಿಗೆ ಪೂರ್ತಿ ಹೋಗ್ಯಾವೇನು ಕಣ್ಣು?"

"ನಿಮಗ್ಹೆಂಗ ಗೊತ್ತು?"

"ನೀವು ಕಣ್ಣಿದ್ದವರು ಬರದ ಹಾಳಿ ಕಣ್ಣಿಲೆ ನೋಡಿ ಕಳಸ್ತೀರಿ. ನನ್ನ ಬೆರಳಿಗೆ ಚುಕ್ಕಿ ಹೊಸಾವ ಸಿಗತಾವ, ಚೂಪು ಇರತಾವ. ಅವರ ಹಾಳ್ಯಾಗ ಮೂರು ತಿಂಗಳಿಂದ ಚುಕ್ಕಿ ಸವದು ಬರಾಕತ್ಯಾವ. ಬರದು, ಬೆರಳಿಲೆ ಮುಟ್ಟಿ ಮುಟ್ಟಿ ತಪ್ಪು ಹುಡುಕ್ಯಾರ. ಅದು ನಮ್ಮ ಮಂದಿ ಓದೋ ಪದ್ಧತಿ."

"ಗೊತ್ತಿದ್ದೂ ಒಂದೂ ಹಾಳಿ ಹರೀಲಿಲ್ಲ ನೀವು. ನನ್ನವು ಎಷ್ಟು ಹರದ್ರಿ?"

"ನಿಮ್ಮದು ಹರದ್ರ ನೀವು ಸಿಟ್ಟಿಗೆದ್ದು ಇನ್ನೊಂದು ಬರೀತೀರಿ. ಅವರದು ಹರದ್ರ ಅವರು ಏನು ಮಾಡತಿದ್ರು ಅಕ್ಕೋರೆ?" ಅಂದರು. ತಾತ ಪಾಠದಾಗ ತಮ್ಮ ಕಥಿ ಸೇರಿಸಿದ್ದನ್ನ ನಾ ಆಗ ಹೇಳಿದೆ. ಅವರು ಸಣ್ಣ ದನಿಲೆ, "ಬರೀ ಕಣ್ಣಿನ ಸಂಗತಿ ಅಂದುಕೊಂಡಿದ್ದೆ, ಚುಕ್ಕಿ ಸರಿ ಎದ್ದಾವೇನು ಅಂತ ಅಷ್ಟೇ ಮುಟ್ಟಿ ನೋಡಿದೆ. ಪಾಠದಾಗ ತಮ್ಮದು ಸೇರಿಸ್ಯಾರ ಅಂತ ನನಗೇನು ಗೊತ್ತು, ಅಚ್ಚಿನ ಪುಸ್ತಕ ನಾ ಎಲ್ಲಿ ನೋಡಬೇಕು?" ಅಂದರು. ಆವತ್ತು ಮೊದಲ ಸಲ ಮಾಸ್ತರ ತಪ್ಪೂ ಸಿಕ್ಕಿತು. ನನಗ ಖುಷಿ ಆಗಬೇಕಿತ್ತು, ಆಗಲಿಲ್ಲ.

ಹೊಳ್ಳಿ ಬರಿಯಾಕ ದಿನ ಇರಲಿಲ್ಲ. ಹುಡುಗಿನ್ನ ನಮ್ಮ ಮನ್ಯಾಗೇ ಇಟ್ಟುಕೊಂಡೆ. ಆಕಿ ಬೆರಳಿಲೆ ತಾತನ ಹಾಳಿ ಓದತಿದ್ದಳು, ನಾ ಅಚ್ಚಿನ ಪುಸ್ತಕ ಹಿಡಕೊಂಡು ಕೇಳತಿದ್ದೆ. ತಾತಂದು ಬಂದ ಕೂಡಲೆ "ಇದು ಬಿಡು" ಅಂತಿದ್ದೆ, ಬಿಟ್ಟು ಹೋದದ್ದನ್ನ ಓದಿ ಹೇಳತಿದ್ದೆ. ನೀರಾವರಿ ಪಾಠ ಬಂತು.

"ಇದು ಬಿಡು."

"ಯಾಕ್ರೀ, ಸುಳ್ಳೇನು?"

"ಸುಳ್ಳಲ್ಲ. ಪುಸ್ತಕದಾಗ ಇಲ್ಲ."

"ನನ್ನ ಪುಸ್ತಕದಾಗ ಇದ್ದೇ ಅದಲ್ಲರೀ" ಅಂದಳು. ಬಾಯಿ ಮುಚ್ಚಿಕೊಂಡು ಬಿಡು ಅಂದ್ರ ಬಿಡಬೇಕು ಅಂತ ನಾ ಗದರಿಸಿದೆ. ಆಕಿ ಬಾಯಿ ಮುಚ್ಚಿದಳು, ಬೆರಳು ಮಾತ್ರ ಆ ಸಾಲಿನ ಮ್ಯಾಲೇ ಇತ್ತು.

ಕಣ್ಣಾರೆ

ಮುಂದ ತಾತ ಒಂದೇ ವರ್ಷ ಇದ್ದರು. ಅದನ್ನ ಇಲ್ಲೇ ಹೇಳಿಬಿಡ್ತೀನಿ, ಕಡೀಗೆ ಹೇಳಿದ್ರ ನಗಿ ಕೆಡತದ. ಹೋಗೋ ಹಿಂದಿನ ವಾರನೂ ಕೈಯಾಗ ಪಟ್ಟಿ ಮೊಳಿ ಇತ್ತಂತ. ಮಾಸ್ತರು ಕಸಗೊಳ್ಳಲಿಲ್ಲ.

ರಿಜಲ್ಟ್ ಬಂದ ದಿನ ಸಾಲಿ ಬೋರ್ಡಿನ ಮ್ಯಾಲ ಹುಡುಗಿ ನಂಬರ್ ನಾನೇ ನೋಡಿದೆ. ಮೂರು ಸಲ ನೋಡಿದೆ. ಪಾಸಾಗಿದ್ದಳು. ಗಬ್ಬೂರಿಂದ ಬಂದ ಅಪ್ಪ, ಬಿಸಲಾಗ ನಿಂತು ಟವೆಲ್ಲಿಲೆ ಮಾರಿ ಒರಸಿಕೊಂಡು, "ಟ್ರೈನಿಂಗಿಗೆ ಯಾವಾಗ ಬಿಡಬೇಕ್ರೀ ಯವ್ವಾ?" ಅಂತ ಅಷ್ಟೇ ಕೇಳಿದ. ಮರುದಿನ ಹುಡುಗಿ, ಮಾಸ್ತರು, ನಾನು ಪೇಢೆ ಕಟ್ಟಿಸಿಕೊಂಡು ಮಾನ್ವಿಗೆ ಹೋದಿವಿ.

ತಾತ ಅದೇ ಬೇವಿನ ಗಿಡದ ಕೆಳಗ ಇದ್ದರು. ಪಾಸಾದ ಸುದ್ದಿ ಕೇಳಿ ಕೈಮುಗಿದರು. ಆಮ್ಯಾಲ ಹೆದರಿಕೋತ ಕೇಳಿದರು. "ಸಮಾಜದಾಗ ಏನೂ ತ್ರಾಸ ಆಗಲಿಲ್ಲ ಹೌದಲ್ಲವ್ವಾ?"

ಹುಡುಗಿ ನನ್ನ ಕಡೆ ತಿರುಗಿ, "ಅಕ್ಕೋರೆ, ಬೈಬ್ಯಾಡ್ರಿ" ಅಂದಳು. ನನಗ ಅಲ್ಲೇ ತಿಳೀತು.

ನೀರಾವರಿ ಪ್ರಶ್ನೆ ಬಂದಿತ್ತಂತ. ಈಕಿ ಹೇಳಿದ್ದನ್ನ ಬರಿಯಾಕ ಬಾಜೂಕ ಒಂಬತ್ತನೆತ್ತೆ ಹುಡುಗಿ ಕುಂತಿದ್ದಳು. ನಾ ಹೇಳಿಕೊಟ್ಟಿದ್ದೆಲ್ಲ ಬರಿಸಿದಳಂತ. ಹಾಳ್ಯಾಗ ಇನ್ನೂ ಜಾಗ ಅದ ಅಂತ ಬರಿಯೋ ಹುಡುಗಿ ಅಂದಳಂತ. ಜಾಗ ಖಾಲಿ ಬಿಡಬಾರದಲ್ಲ ಅಂತ ಈಕಿ ಸುರು ಮಾಡಿದಳು. "ರೈತರು ಕುಣಿದಾಡಿದರು ಅನ್ನೋದು ಸುಳ್ಳು. ಹಾಸಿಗಿ ಕಟಗೊಂಡು ದಿಬ್ಬ ಏರಿದರು. ನಾನು ಕಣ್ಣಾರೆ ನೋಡೀನಿ."

ಬರಿಯೋ ಹುಡುಗಿ ಪೆನ್ನು ನಿಲ್ಲಿಸಿ ಈಕಿ ಮಾರಿ ನೋಡಿದಳಂತ. ಎದ್ದು ನಿಂತು ಸರ್ ಅಂದಳಂತ. ಪರೀಕ್ಷಾ ಹಾಲಿನ ಸಾಹೇಬರು ಬಂದು, ಬರದದ್ದು ಓದಿ, ಬಗ್ಗಿ ಮೆಲ್ಲಕ ಕೇಳಿದರಂತ. "ಏನು ತಂಗಿ, ಕಣ್ಣಾರೆ ನೋಡೀನಿ ಅಂತ ಬರಸಾಕತ್ತಿ. ನೀ ಯಾವಾಗ ನೋಡಿದಿ?"

"ನೀ ಏನಂದಿ ಅವ್ವಾ?" ತಾತ ಮುಂದಕ್ಕ ಬಗ್ಗಿ ಕೇಳಿದರು.

"ಸರ್, ನಾ ನೋಡಿಲ್ಲ. ನಮ್ಮ ಪುಸ್ತಕ ನೋಡ್ಯಾದ ಅಂದೆ."

ಮಾಸ್ತರು ಪೇಢೆ ಪೊಟ್ಟಣದ ದಾರ ಬಿಚ್ಚಿಕೋತ ಕುಂತರು, ಅದು ಮೊದಲೇ ಬಿಚ್ಚಿತ್ತು. ತಾತ ಕೈ ಮುಂದ ಮಾಡಿ ಹುಡುಕಿದರು. ಹುಡುಗಿನೂ ಕೈ ಮುಂದ ಮಾಡಿ ಹುಡುಕಿದಳು. ಇಬ್ಬರದೂ ಕೈ ಆಚೆ ಈಚೆ ಹೋದವು. ನಾನೇ ಹಿಡಿದು ಕೂಡಿಸಿದೆ. ತಾತ ಆಕಿ ಬೆರಳ ತುದಿ ಮುಟ್ಟಿ ಮುಟ್ಟಿ ನೋಡಿದರು. ಕಣ್ಣಾಗ ನೀರು ಸುರಿಯಾಕತ್ತಿದ್ದವು, ಬಾಯಿ ನಗಾಕತ್ತಿತ್ತು.

"ಆ ಮುದುಕಿ ಕೋಲು ಹಿಡಕೊಂಡು ನೀರಿಗೆ ಬೈದದ್ದು ಬರಿಸಿದ್ಯೋ ಇಲ್ಲೋ?"

"ಇಲ್ಲ ತಾತ. ಅಷ್ಟರಾಗ ಗಂಟಿ ಹೊಡೀತು."

ತಾತ ಲೊಚಗುಟ್ಟಿದರು. "ಪಾಠದಾಗಿನ ಮುಖ್ಯದ್ದನ್ನೇ ಬಿಟ್ಟೆಲ್ಲವ್ವಾ" ಅಂದರು. ಆಮ್ಯಾಲ ಮಾಸ್ತರು ಎಲ್ಲಿ ಕುಂತಾರ ಅಂತ ಅಂದಾಜು ಮಾಡಿ ಆ ಕಡೆ ಮಾರಿ ತಿರುಗಿಸಿ, ಆಕಿ ಪರವಾಗಿ ತಾವೇ ಅರ್ಜಿ ಹಾಕಿದರು. "ಹೋಗಲಿ ಬಿಡ್ರಿ ಮಾಸ್ತರೇ, ಹುಡುಗಿದು ಒಂದೇ ತಪ್ಪು. ಎರಡರ ತನಕ ಮಾಫಿ ಅದಲ್ಲ."